ಈ ಒಂದು ಮಳೆಗಾಲ ಓಡಲಿ

ಕಾರವಾರದಿಂದ ಉಳ್ಳಾಲದವರೆಗಿನ ಕಡಲತೀರದಲ್ಲಿ, ಬಲೆ ಒಣಗುವ ಊರು ಯಾವುದೇ ಇರಲಿ, ಅಲ್ಲಿ ಒಬ್ಬನಾದರೂ ಸಿಗುವ ಈ ನಾಡದೋಣಿ ಮಾಲೀಕನನ್ನು ಮುಖಕ್ಕಿಂತ ಮೊದಲು ಅವನ ಎಂಜಿನ್ನಿನಿಂದಲೇ ಗುರುತಿಸಬಹುದು. ದೋಣಿಯ ಹಿಂತುದಿಯ ಹಲಗೆಗೆ ತಿರುಪು ಬಿಗಿದು ನಿಲ್ಲಿಸುವ, ಕೆಲಸ ಮುಗಿದ ಮೇಲೆ ಬಿಚ್ಚಿ ಹೆಗಲಲ್ಲಿ ಹೊತ್ತು ಮನೆಗೆ ತರಬಹುದಾದ ಯಂತ್ರಕ್ಕೆ ಔಟ್‌ಬೋರ್ಡ್ ಎಂಜಿನ್ ಎಂದು ಹೆಸರು. ಈ ಮಾಲೀಕನ ಎಂಜಿನ್ನಿನ ಮೂಲ ಬಣ್ಣ ಯಾವುದೆಂಬುದು ವಿವಾದಾಸ್ಪದ. ಕಂಪನಿಯ ಹೆಸರಿನಲ್ಲಿ ಎರಡಕ್ಷರ ಮಾತ್ರ ಉಳಿದಿದ್ದು, ಮುಚ್ಚಳದ ಕೊಂಡಿ ಮುರಿದು ಬಹಳ ಕಾಲವಾದ್ದರಿಂದ ಆ ಹೊಣೆಯನ್ನು ಸೈಕಲ್ ಟ್ಯೂಬಿನ ತುಂಡೊಂದು ವಹಿಸಿಕೊಂಡಿದೆ. ಪಿಸ್ಟನ್ನು, ರಿಂಗು, ಕಾರ್ಬುರೇಟರು, ಗಿಯರು, ಪ್ರೊಪೆಲ್ಲರು ಎಲ್ಲವೂ ಬೇರೆ ಬೇರೆ ವರ್ಷಗಳಲ್ಲಿ ಬದಲಾಗಿದ್ದರೂ ಅವನು ಅದನ್ನು ‘ಅಪ್ಪನ ಕಾಲದ ಎಂಜಿನ್’ ಎಂದೇ ಕರೆಯುತ್ತಾನೆ ಮತ್ತು ಇಷ್ಟು ವರ್ಷ ಅದಕ್ಕೆ ಏನೂ ಆಗಿಲ್ಲವೆಂದು ಪ್ರಾಮಾಣಿಕವಾಗಿ ನಂಬುತ್ತಾನೆ.

ದುರಸ್ತಿಯ ವೆಚ್ಚ ಹೊಸ ಎಂಜಿನ್ನಿನ ಬೆಲೆಯ ಅರ್ಧವನ್ನು ಮೀರಿದರೆ ಹೊಸದನ್ನು ಕೊಳ್ಳುವುದೇ ಲೇಸೆಂಬ ಲೆಕ್ಕವನ್ನು ಇವನೂ ಒಪ್ಪುತ್ತಾನೆ. ಆದರೆ ಇವನ ಗಣಿತದಲ್ಲಿ ಪ್ರತಿಯೊಂದು ದುರಸ್ತಿಯೂ ಸ್ವತಂತ್ರವಾದುದರಿಂದ, ಕಳೆದ ತಿಂಗಳ ಖರ್ಚನ್ನು ಈ ತಿಂಗಳದರ ಜೊತೆಗೆ ಕೂಡಿಸುವುದು ಅಶಾಸ್ತ್ರೀಯವೆನಿಸುತ್ತದೆ. ಹೀಗಾಗಿ ಮೊತ್ತವು ಎಂದಿಗೂ ಅರ್ಧಕ್ಕೆ ಮುಟ್ಟುವುದಿಲ್ಲ.

ಇವನ ರೋಗನಿದಾನ ಪದ್ಧತಿ ವಿಶೇಷ ಅಧ್ಯಯನಕ್ಕೆ ಅರ್ಹವಾದುದು. ಎಂಜಿನ್ನಿನ ಕೆಳಭಾಗದಲ್ಲಿರುವ ಪಂಪು ತನ್ನ ರಬ್ಬರ್ ರೆಕ್ಕೆಗಳಿಂದ ಸಮುದ್ರದ ನೀರನ್ನೇ ಮೇಲೆಳೆದು ಯಂತ್ರವನ್ನು ತಂಪಾಗಿಡುತ್ತದೆ. ಆ ನೀರಿನ ಒಂದಂಶ ಹಿಂಬದಿಯ ಸಣ್ಣ ರಂಧ್ರದಿಂದ ಎಳೆಯಾಗಿ ಚಿಮ್ಮುತ್ತಿದ್ದರೆ ಎಲ್ಲವೂ ಸರಿಯಿದೆಯೆಂದೂ, ನಿಂತರೆ ಯಂತ್ರ ಕಾದು ಪಿಸ್ಟನ್ ಹಿಡಿದುಕೊಳ್ಳುವ ಸಂಭವವಿದೆಯೆಂದೂ ತಿಳಿಯಬೇಕು. ಇವನ ಎಂಜಿನ್ನಿನಲ್ಲಿ ಉಪ್ಪು ಕಟ್ಟಿ ನೀರು ಹನಿಹನಿಯಾಗಿ ಬೀಳುತ್ತಿರುತ್ತದೆ, ಇವನ ವ್ಯಾಖ್ಯಾನದ ಪ್ರಕಾರ ಎಂಜಿನ್ ನೀರು ಉಳಿಸುತ್ತಿರುತ್ತದೆ. ಗಿಯರಿನ ಎಣ್ಣೆ ಹಾಲಿನಂತೆ ಬೆಳ್ಳಗಾದರೆ ಸೀಲು ಹೋಗಿ ಒಳಗೆ ನೀರು ನುಗ್ಗಿದೆಯೆಂದೇ ಅರ್ಥ. ಇವನು ಮಾತ್ರ ಎಣ್ಣೆಯ ಕಂಪನಿಯನ್ನು ದೂರುತ್ತಾನೆ. ಸಿಲಿಂಡರಿನೊಳಗಿನ ಒತ್ತಡವನ್ನು ಅಳೆಯುವ ಗೇಜನ್ನು ಮೆಕ್ಯಾನಿಕ್ ಹಚ್ಚಿದಾಗ ಒಂದು ಸಿಲಿಂಡರು ಇನ್ನೊಂದಕ್ಕಿಂತ ಬಹಳ ಕಡಿಮೆ ತೋರಿಸಿದರೆ ರಿಂಗು ಅಥವಾ ಬೋರು ಸವೆದಿರುವುದು ಬಹುಮಟ್ಟಿಗೆ ಖಚಿತ, ಆದರೆ ಅಂಥ ಸಂದರ್ಭದಲ್ಲಿ ಇವನು ಮೊದಲು ಸಂಶಯಿಸುವುದು ಗೇಜನ್ನು, ಆಮೇಲೆ ಮೆಕ್ಯಾನಿಕ್‌ನನ್ನು.

ಮಿತವ್ಯಯವೂ ಇವನ ಲಕ್ಷಣವೇ. ಸೀಮೆಎಣ್ಣೆಯ ಎಂಜಿನ್ನನ್ನು ಪೆಟ್ರೋಲಿನಲ್ಲಿ ಶುರುಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುನ್ನ ಮತ್ತೆ ಸ್ವಲ್ಪ ಹೊತ್ತು ಪೆಟ್ರೋಲಿನಲ್ಲಿ ಓಡಿಸಿ ಕಾರ್ಬುರೇಟರಿನಲ್ಲಿ ಉಳಿದ ಸೀಮೆಎಣ್ಣೆಯನ್ನು ತೀರಿಸಬೇಕೆಂಬುದು ಕ್ರಮ. ಆ ಕೊನೆಯ ಬೊಗಸೆ ಪೆಟ್ರೋಲನ್ನು ಇವನು ವರ್ಷವಿಡೀ ಉಳಿಸುತ್ತಾನೆ, ಉಳಿಸಿದ್ದಕ್ಕಿಂತ ಹೆಚ್ಚನ್ನು ಕಾರ್ಬುರೇಟರ್ ಬಿಚ್ಚಿಸುವುದಕ್ಕೆ ಕೊಡುತ್ತಾನೆ.

ಇಷ್ಟಾದರೂ ಇವನನ್ನು ಬರಿಯ ಜಿಪುಣನೆಂದು ತಳ್ಳಿಹಾಕುವುದು ನ್ಯಾಯವಲ್ಲ. ಎಣ್ಣೆ ಬೆರೆಸಿದ ಇಂಧನದಲ್ಲಿ ಓಡುವ, ವಾಲ್ವುಗಳಿಲ್ಲದ ಎರಡು ಸ್ಟ್ರೋಕಿನ ಎಂಜಿನ್ನನ್ನು ಬಂದರಿನ ಮೆಕ್ಯಾನಿಕ್ ನಾಲ್ಕು ಸ್ಪಾನರುಗಳಲ್ಲಿ ಮರಳಿನ ಮೇಲೆಯೇ ಬಿಚ್ಚಿ ಜೋಡಿಸಬಲ್ಲ. ಹೊಸ ಪೆಟ್ರೋಲ್ ಎಂಜಿನ್ನಾದರೆ ಸಾಲ ಮೊದಲು ಬರುತ್ತದೆ, ಮೀನು ಆಮೇಲೆ. ಸೀಮೆಎಣ್ಣೆ ಎಂಜಿನ್ನುಗಳನ್ನು ಬದಲಾಯಿಸಿಕೊಳ್ಳುವವರಿಗೆ ತಲಾ 50 ಸಾವಿರ ರೂಪಾಯಿ ಸಹಾಯಧನವನ್ನು ರಾಜ್ಯ ಸರ್ಕಾರ 2023ರ ಬಜೆಟ್ಟಿನಲ್ಲಿ ಘೋಷಿಸಿದಾಗ ಇವನ ಒಂದು ವಾದ ದುರ್ಬಲವಾಯಿತೆನ್ನಬೇಕು, ಆದರೆ ಇವನ ಬಳಿ ವಾದಗಳಿಗೆ ಬರವಿರಲಿಲ್ಲ.

ಅವುಗಳಲ್ಲಿ ಮುಖ್ಯವಾದುದು ಪಂಚಾಂಗಕ್ಕೆ ಸಂಬಂಧಿಸಿದ್ದು. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧವಿದ್ದು, 10 ಅಶ್ವಶಕ್ತಿಯವರೆಗಿನ ಎಂಜಿನ್ನಿನ ನಾಡದೋಣಿಗಳಿಗೆ ವಿನಾಯಿತಿ ಇರುವುದರಿಂದ, ಇವನಿಗೆ ಅದೇ ಸುಗ್ಗಿ. ಮೇ ತಿಂಗಳಲ್ಲಿ ಕೇಳಿದರೆ ‘ಈ ಒಂದು ಮಳೆಗಾಲ ಓಡಲಿ’ ಎನ್ನುತ್ತಾನೆ, ಜುಲೈಯಲ್ಲಿ ಕೇಳಿದರೆ ಮಾತಾಡಲು ಪುರುಸೊತ್ತಿಲ್ಲ, ಸೆಪ್ಟೆಂಬರಿನಲ್ಲಿ ಕೇಳಿದರೆ ‘ಮಳೆಗಾಲ ಮುಗಿಯಿತಲ್ಲ, ಇನ್ನೇನವಸರ’ ಎನ್ನುತ್ತಾನೆ.

ಪಕ್ಕದ ದೋಣಿಯವನ ಎಂಜಿನ್ ಒಮ್ಮೆ ಕೆಮ್ಮಿದರೆ ಸಾಕು, ಇವನಷ್ಟು ಖಡಾಖಂಡಿತವಾಗಿ ತೀರ್ಪು ಕೊಡುವವರು ಸಿಗುವುದಿಲ್ಲ. ‘ಅಳಿವೆ ಬಾಯಲ್ಲಿ ಬಂದ್ ಬಿದ್ರೆ ಏನ್ ಮಾಡ್ತೆ ಮಾರಾಯ? ಗುಜರಿಗೆ ಕೊಡು, ಹೊಸದ್ ತಕೋ’ ಎಂದು ನದಿ ಕಡಲಿಗೆ ಸೇರುವ, ಅಲೆ ಎರಡೂ ಕಡೆಯಿಂದ ಬಡಿಯುವ ಜಾಗದ ಅಪಾಯವನ್ನು ಸವಿಸ್ತಾರವಾಗಿ ವಿವರಿಸುತ್ತಾನೆ. ಆ ಮಾತನ್ನು ಅವನು ಆಡುತ್ತಿರುವುದು ತನ್ನ ಎಂಜಿನ್ನಿನ ಹಗ್ಗವನ್ನು ಎಳೆದೆಳೆದು ಸುಸ್ತಾಗಿ ಕುಳಿತಿರುವಾಗ ಎಂಬುದನ್ನು ಪಕ್ಕದವನು ಸೌಜನ್ಯದಿಂದ ಗಮನಿಸದಂತಿರುತ್ತಾನೆ. ಆ ಸಲಹೆಯ ಪ್ರಕಾರ ಗುಜರಿಗೆ ಹೋದ ಎಂಜಿನ್ನಿನ ಕಾರ್ಬುರೇಟರು ಮರುವಾರ ಇವನದರಲ್ಲಿ ಕಾಣಿಸಿಕೊಳ್ಳುವುದೂ ಉಂಟು.

ಕೊನೆಗೆ ಮಗನ ಒತ್ತಾಯಕ್ಕೋ ಹೆಂಡತಿಯ ಮೌನಕ್ಕೋ ಮಣಿದು ಇವನು ಹೊಸ ಎಂಜಿನ್ ಕೊಳ್ಳುತ್ತಾನೆ. ಅದಕ್ಕೆ ಪೂಜೆಯಾಗುತ್ತದೆ, ಕುಂಕುಮ ಹಚ್ಚಲಾಗುತ್ತದೆ, ಜಗಲಿಯ ಮೂಲೆಯಲ್ಲಿ ಪ್ಲಾಸ್ಟಿಕ್ ಸಮೇತ ನಿಲ್ಲಿಸಿ ಮಕ್ಕಳು ಮುಟ್ಟದಂತೆ ಕಟ್ಟೆಚ್ಚರ ವಹಿಸಲಾಗುತ್ತದೆ. ಜೂನ್ ಮೊದಲ ವಾರ ದೋಣಿಯ ಹಿಂದೆ ಸೈಕಲ್ ಟ್ಯೂಬು ಬಿಗಿದ ಹಳೆಯದೇ ಇರುವುದನ್ನು ಕಂಡು ಯಾರಾದರೂ ಪ್ರಶ್ನಿಸಿದರೆ, ಇಂಥ ತೂಫಾನಿನ ನೀರಿಗೆ ಹೊಸ ಎಂಜಿನ್ನನ್ನು ಇಳಿಸುವಷ್ಟು ಬುದ್ಧಿಗೇಡಿ ತಾನಲ್ಲವೆಂದು ಹೇಳಿ ಹಗ್ಗಕ್ಕೆ ಕೈಹಾಕುತ್ತಾನೆ.