ಜೇಕಿನ ಜಹಗೀರು

ನಮ್ಮ ಹಿತ್ತಿಲಿನ ಖಾತೆ ನನ್ನ ಹೆಸರಿನಲ್ಲಿದೆ. ಕಂದಾಯ ಕಟ್ಟುವವನೂ ನಾನೇ. ಅನುಭೋಗ ಮಾತ್ರ ಜೇಕಿನದು. ಈ ಕಳೆಗೆ ಕೊನ್ನಾರಿ ಗಡ್ಡೆ ಎಂಬ ಹೆಸರೂ ಉಂಟು. ಭಾನುವಾರ ಬೆಳಿಗ್ಗೆ ನಾನು ಕರೆಯುವ ಹೆಸರುಗಳನ್ನು ಅಚ್ಚು ಹಾಕಿಸುವಂತಿಲ್ಲ.

ಕಳೆಗಳಲ್ಲೂ ಮರ್ಯಾದಸ್ಥರಿದ್ದಾರೆ. ಪಾರ್ಥೇನಿಯಂ ನೋಡಿ, ಹೂಬಿಡುವ ಮೊದಲೇ ಬುಡಸಮೇತ ಕಿತ್ತರೆ ಸತ್ತೆನೆಂದು ಒಪ್ಪಿಕೊಳ್ಳುತ್ತದೆ. ಅದನ್ನು ತಿನ್ನಲೆಂದೇ 1980ರ ದಶಕದಲ್ಲಿ ಮೆಕ್ಸಿಕೋದಿಂದ ಜೀರುಂಡೆ ತರಿಸಿ ಬೆಂಗಳೂರಿನಲ್ಲಿ ಬಿಟ್ಟರು. ಜೇಕಿಗೆ ಆ ಭಾಗ್ಯವಿಲ್ಲ. ಇದರ ಗಡ್ಡೆಯನ್ನು ಪ್ರೀತಿಯಿಂದ ಅಗೆದು ತಿನ್ನುವುದು ಹಂದಿ. ಕಾಳಿದಾಸನ ಶಾಕುಂತಲದಲ್ಲೇ ಆ ಪ್ರಸ್ತಾಪವಿದೆ. ಆದರೆ ದುಷ್ಯಂತನ ಕಾಡಿಗಿದ್ದ ಸವಲತ್ತು ನಮ್ಮ ಬಡಾವಣೆಗೆ ಬೇಡವೆಂದು ನಿವಾಸಿಗಳ ಅಭಿಪ್ರಾಯ.

ಮೇಲೆ ಕಾಣುವುದು ನಾಲ್ಕು ಹುಲ್ಲೆಸಳು. ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ, ಮೋಸವಿರುವುದೇ ಅಲ್ಲಿ. ಕೆಳಗೆ ಗಡ್ಡೆಯ ಹಿಂದೆ ಗಡ್ಡೆ, ಜಪಸರದ ಹಾಗೆ ಪೋಣಿಸಿಕೊಂಡಿರುತ್ತದೆ. ಸರ ಇಡಿಯಾಗಿರುವ ತನಕ ತುದಿಯದು ಚಿಗುರುತ್ತದೆ, ಮಿಕ್ಕವು ಬಹುಪಾಲು ತೆಪ್ಪಗಿರುತ್ತವೆ. ಗುದ್ದಲಿ ತಾಗಿ ಸರ ಹರಿಯಿತೋ, ಮಲಗಿದ್ದವೆಲ್ಲ ಎದ್ದು ತಂತಮ್ಮ ಮೊಳಕೆ ಎತ್ತುತ್ತವೆ. ನಾನು ಬೆವರು ಸುರಿಸಿ ಅಗೆದಷ್ಟೂ ಅವಿಭಕ್ತ ಕುಟುಂಬಕ್ಕೆ ಪಾಲುಪಟ್ಟಿ ಬರೆದುಕೊಟ್ಟಂತಾಯಿತು.

ಉಪ್ಪು ಸುರಿಯಿರೆಂದು ಪಕ್ಕದ ಮನೆಯವರು ಹೇಳಿದರು. ಅವರ ಹಿತ್ತಿಲಿನಲ್ಲಿ ಉಪ್ಪಿಗೆ ಸತ್ತದ್ದು ಕರಿಬೇವು. ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಜೇಕು ಚೂಪು ಮೊನೆಯಿಂದ ತೂತು ಕೊರೆದು ಹೊರಗೆ ಬಂದು ನಿಲ್ಲುತ್ತದೆ.

ಈ ಗಲಾಟೆಯ ನಡುವೆ ನಮ್ಮ ಅತ್ತೆಯವರು ಅಜೀರ್ಣದ ಕಷಾಯಕ್ಕೆಂದು ಗ್ರಂಥಿಗೆ ಅಂಗಡಿಯಿಂದ ಭದ್ರಮುಷ್ಟಿ ತರಿಸಿದರು. ಪೊಟ್ಟಣ ಬಿಚ್ಚಿದರೆ ಅದೇ ಗಡ್ಡೆ, ಒಣಗಿದ್ದು, ದುಡ್ಡು ಕೊಟ್ಟು ತಂದದ್ದು! ನಾನು ಓಡಿಹೋಗಿ ಒಂದು ಬುಟ್ಟಿ ಅಗೆದು ತಂದು ಮುಂದಿಟ್ಟೆ. ಅವರು ಒಂದನ್ನು ಮೂಸಿ ನೋಡಿ, "ಅಂಗಡಿಯದರ ಗುಣ ಇದಕ್ಕೆಲ್ಲಿ ಬರಬೇಕು?" ಎಂದರು. ಬುಟ್ಟಿ ಬಿಸಿಲಿಗೆ ಹೋಯಿತು. ಚೆನ್ನಾಗಿ ಒಣಗಿದರೆ ಗಡ್ಡೆ ಸಾಯುತ್ತದೆ, ಅಷ್ಟು ಸಮಾಧಾನ.

ಜೇಕಿಗೆ ನೆರಳು ಕಂಡರಾಗದು. ಆದ್ದರಿಂದ ಪಾತಿಯ ತುಂಬ ಗೆಣಸಿನ ಬಳ್ಳಿ ಹಬ್ಬಿಸಿದೆ. ಎಲೆ ಮುಚ್ಚಿಕೊಂಡಂತೆ ಜೇಕು ಬಡಕಲಾಗಿ, ಒಂದು ಹಂತದಲ್ಲಿ ಕಾಣಿಸದೇ ಹೋಯಿತು. ಮೀಸೆ ತಿರುವಿಕೊಂಡು ಗೆಣಸು ಅಗೆದೆ. ಒಂದಲ್ಲ ಒಂದು ಗೆಣಸಿನ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಜೇಕಿನ ಬೇರು ನೆಟ್ಟಗೆ ತೂರಿಕೊಂಡು ಹೋಗಿತ್ತು.

ಹೆಂಡತಿ ತೊಳೆದು ಕುಕ್ಕರಿಗೆ ಹಾಕಿದಳು. ಬೆಂದಿದೆಯೋ ಇಲ್ಲವೋ ಎಂದು ಚುಚ್ಚಿ ನೋಡುವ ಕೆಲಸ ಉಳಿಯಿತಂತೆ.