ಅಲೆಕ್ಸಾಂಡರನ ಕೋಳಿಗೆ ಅಕ್ಕಯ್ಯನ ಹುಳಿ

ಕೊಡಗಿಗೆ ಬರುವ ಪ್ರವಾಸಿಗರಲ್ಲಿ ಒಂದು ಪಂಗಡವಿದೆ. ಹಗಲೆಲ್ಲ ರಾಜಾಸೀಟು, ಅಬ್ಬಿ ಜಲಪಾತ ಎಂದು ಸುತ್ತಿ, ಸಂಜೆ ಹೋಂಸ್ಟೇ ಅಂಗಳದಲ್ಲಿ ಚಳಿ ಕಾಯಿಸುತ್ತ ಕೂತ ಮೇಲೆ ಅವರಿಗೆ ಇತಿಹಾಸ ನೆನಪಾಗುತ್ತದೆ. “ಅಲ್ಲಾ ಸಾರ್, ಕೊಡವರು ಅಲೆಕ್ಸಾಂಡರನ ಸೈನಿಕರ ವಂಶದವರಂತೆ, ನಿಜವಾ?” ನಮ್ಮ ಭಾವ ಹೌದು ಅನ್ನುವುದೂ ಇಲ್ಲ, ಅಲ್ಲ ಅನ್ನುವುದೂ ಇಲ್ಲ. ಸುಮ್ಮನೆ ಮೀಸೆಯ ಮೇಲೆ ಕೈಯಾಡಿಸುತ್ತಾರೆ. ಹೋಂಸ್ಟೇ ನಡೆಸುವವರಿಗೆ ಅಷ್ಟು ವ್ಯವಹಾರಜ್ಞಾನ ಇರಲೇಬೇಕು.

ಕ್ರಿ.ಪೂ. 326ರಲ್ಲಿ ಬಿಯಾಸ್ ನದಿಯ ದಂಡೆಯಲ್ಲಿ ಅಲೆಕ್ಸಾಂಡರನ ಸೈನಿಕರು “ಇನ್ನೊಂದು ಹೆಜ್ಜೆ ಮುಂದಿಡುವುದಿಲ್ಲ, ಮನೆಗೆ ಹೋಗಬೇಕು” ಎಂದು ಹಟ ಹಿಡಿದು ಕೂತರು. ಹಾಗೆ ಹಟ ಹಿಡಿದವರು ಮತ್ತೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದಕ್ಷಿಣಕ್ಕೆ ನಡೆದು, ಜಿಗಣೆ ಕಡಿಸಿಕೊಂಡು, ಮಡಿಕೇರಿಯ ಮಳೆಗೆ ಮನಸೋತು ಇಲ್ಲೇ ನಿಂತರು ಎಂದು ನಂಬಬೇಕಾದರೆ, ಭಾವ ಕೊಡುವ ಮನೆವೈನು ಎರಡು ಲೋಟವಾದರೂ ಹೊಟ್ಟೆಗೆ ಇಳಿದಿರಬೇಕು.

ಅಲೆಕ್ಸಾಂಡರ್ ಬರಲಿಲ್ಲ, ಸರಿ. ಆದರೆ ಗ್ರೀಕರ ಕೋಳಿ ಬಂತು. ತಂದವನು ಅಕ್ಕಯ್ಯನ ಮಗ. ಓದಲೆಂದು ಮೆಲ್ಬರ್ನಿಗೆ ಹೋದ ಹುಡುಗ. ಆ ಊರಲ್ಲಿ ಗ್ರೀಕರ ಸಂಖ್ಯೆ ದೊಡ್ಡದು; ಇವನ ಬಾಡಿಗೆ ಮನೆಯ ಕೆಳಗೇ ಅವರದೊಂದು ಕೆಂಡದ ಕೋಳಿಯ ಅಂಗಡಿ. ವಿದ್ಯೆ ಎಷ್ಟು ಹತ್ತಿತೋ ತಿಳಿಯದು, ವಾಸನೆಯಂತೂ ಚೆನ್ನಾಗಿ ಹತ್ತಿದೆ. ರಜೆಗೆ ಬಂದವನ ಪೆಟ್ಟಿಗೆಯಲ್ಲಿ ಆಲಿವ್ ಎಣ್ಣೆಯ ಡಬ್ಬ, ಒಣಗಿದ ಒರೆಗಾನೊ ಕಟ್ಟು, ಜೊತೆಗೊಂದು ಘೋಷಣೆ: “ಅವ್ವಾ, ಇನ್ನು ಮೇಲೆ ನಮ್ಮ ಹೋಂಸ್ಟೇಯಲ್ಲಿ ಆ ಕೆಂಪು ಬಣ್ಣದ ಕಬಾಬು ಬೇಡ. ಗ್ರೀಕ್ ಸ್ಟೈಲ್ ಗ್ರಿಲ್ಡ್ ಚಿಕನ್!”

ಅಕ್ಕಯ್ಯ ಕೇಳಿದ್ದು ಒಂದೇ ಮಾತು. “ಅದಕ್ಕೆ ಏನೇನು ಹಾಕ್ತಾರಪ್ಪ?”

ಅವನು ಹೇಳಿದ: ಆಲಿವ್ ಎಣ್ಣೆ, ನಿಂಬೆರಸ, ಬೆಳ್ಳುಳ್ಳಿ, ಒರೆಗಾನೊ, ಉಪ್ಪು, ಕರಿಮೆಣಸು. ಅಷ್ಟೇ. ಅಕ್ಕಯ್ಯ ಇನ್ನೂ ಬರುತ್ತದೆ ಎಂದು ಕಾದರು. ಬರಲಿಲ್ಲ. “ಪಾಪ, ಬಡವರಾ?” ಅಂದರು.

ನಾನು ಆ ಪಟ್ಟಿಯನ್ನೇ ಹಿಡಿದು ಸ್ವಲ್ಪ ಲೆಕ್ಕ ಹಾಕಿದೆ. ಮೆಣಸು ಯಾರದು? ನಮ್ಮ ಪಶ್ಚಿಮ ಘಟ್ಟದ್ದು. ಕ್ರಿ.ಶ. ಮೊದಲನೆಯ ಶತಮಾನದಲ್ಲಿ ಹೆಸರು ಹೇಳದ ಒಬ್ಬ ವರ್ತಕ ಗ್ರೀಕ್ ಭಾಷೆಯಲ್ಲಿ ಬರೆದಿಟ್ಟ ‘ಪೆರಿಪ್ಲಸ್’ ಎಂಬ ಕಡಲಯಾನದ ಕೈಪಿಡಿಯಿದೆ. ಈಜಿಪ್ಟಿನ ಬಂದರುಗಳಿಂದ ಮುಂಗಾರಿನ ಗಾಳಿ ಹಿಡಿದು ಹಡಗುಗಳು ಮಲಬಾರಿನ ಮುಜಿರಿಸ್‌ಗೆ ಬರುತ್ತಿದ್ದದ್ದು, ಮೆಣಸು ಹೇರಿಕೊಂಡು ಹೋಗುತ್ತಿದ್ದದ್ದು ಎಲ್ಲ ಅದರಲ್ಲಿದೆ. ನಿಂಬೆಯ ತೌರು ಈಶಾನ್ಯ ಭಾರತ, ಬರ್ಮಾದ ಆಸುಪಾಸು ಎನ್ನುತ್ತಾರೆ. ಅಲೆಕ್ಸಾಂಡರನ ಅಡುಗೆಭಟ್ಟ ನಿಂಬೆಹಣ್ಣಿನ ಮುಖ ನೋಡಿದವನಲ್ಲ. ಇನ್ನು ಕೋಳಿ! ಅದು ಏಷ್ಯಾದ ಕೆಂಪು ಕಾಡುಕೋಳಿಯ ಸಂತಾನ. ಹಳೆಯ ಗ್ರೀಕರು ಅದನ್ನು ಪರ್ಷಿಯಾದ ಹಕ್ಕಿ ಎಂದೇ ಕರೆಯುತ್ತಿದ್ದರು. ಅದಕ್ಕಿಂತ ಸ್ವಾರಸ್ಯ ಏನೆಂದರೆ, ಸಾಕುಕೋಳಿಗೆ ಹಳದಿ ಚರ್ಮ ಬಂದದ್ದು ನಮ್ಮ ದಕ್ಷಿಣದ ಬೂದು ಕಾಡುಕೋಳಿಯ ಕಡೆಯಿಂದ ಎಂದು ಸ್ವೀಡನ್ನಿನ ವಿಜ್ಞಾನಿಗಳು 2008ರಲ್ಲಿ ವಂಶವಾಹಿ ನೋಡಿ ಹೇಳಿದ್ದಾರೆ. ಬೆಳಗ್ಗೆ ಕಾಫಿ ತೋಟದ ಅಂಚಿನಲ್ಲಿ ಕೂಗಿ ನಮ್ಮ ನಿದ್ದೆ ಕೆಡಿಸುತ್ತದಲ್ಲ, ಅದೇ ಹಕ್ಕಿ. ಎಲ್ಲರ ಮನೆಯಲ್ಲೂ ಇರುವ ಉಪ್ಪು, ಬೆಳ್ಳುಳ್ಳಿ ಬಿಟ್ಟು ಹೀಗೆ ಕಳೆಯುತ್ತ ಹೋದರೆ ಗ್ರೀಕರ ಪಾಲಿಗೆ ಉಳಿಯುವುದು ಎಣ್ಣೆ ಮತ್ತು ಒಂದು ಸೊಪ್ಪು.

“ಆ ಸೊಪ್ಪೂ ಅವರದಲ್ಲ, ತಗೋ” ಎನ್ನುತ್ತ ಅಕ್ಕಯ್ಯ ಹಿತ್ತಿಲಿಗೆ ಹೋಗಿ ದೊಡ್ಡಪತ್ರೆ ಕಿತ್ತು ತಂದರು. ಹುಡುಗ ಒರೆಗಾನೊ ಮೂಸಿದ, ದೊಡ್ಡಪತ್ರೆ ಮೂಸಿದ, ತೆಪ್ಪಗಾದ. ಗಿಡಗಳು ಬೇರೆ ಬೇರೆ, ನಿಜ. ಆದರೆ ಒರೆಗಾನೊಗೆ ಆ ಖಾರವಾದ ಘಮ ಕೊಡುವ ಕಾರ್ವಕ್ರಾಲ್ ಮತ್ತು ಥೈಮಾಲ್ ಎಂಬ ತೈಲಾಂಶಗಳು ನಮ್ಮ ದೊಡ್ಡಪತ್ರೆಯಲ್ಲೂ ಇವೆ. ಥೈಮಾಲ್ ಅಂತೂ ಓಮದ ಕಾಳಿನಲ್ಲಿ ಧಾರಾಳ. ಮಗುವಿಗೆ ಶೀತ ಆದಾಗ ಬಾಡಿಸಿ ರಸ ಹಿಂಡುತ್ತಿದ್ದ ಸೊಪ್ಪನ್ನೇ ಆ ಮಗು ದೊಡ್ಡವನಾಗಿ ಮೆಲ್ಬರ್ನಿನಿಂದ ಹೊತ್ತು ತಂದಿದ್ದಾನೆ ಎಂದು ಅಕ್ಕಯ್ಯ ಊರೆಲ್ಲ ಹೇಳಿಕೊಂಡು ಬಂದರು. ನನ್ನ ಕೇಳಿದರೆ ದೊಡ್ಡಪತ್ರೆಯಲ್ಲಿ ನೀರಿನಂಶ ಹೆಚ್ಚು, ಹಸಿಯಾಗಿ ಜಜ್ಜಿ ಹಾಕಿದರೆ ಕಷಾಯದ ನೆನಪು ಬರುತ್ತದೆ. ನೆರಳಲ್ಲಿ ಒಣಗಿಸಿ, ಜೊತೆಗೆ ಚಿಟಿಕೆ ಓಮ ಉಜ್ಜಿ ಹಾಕಿದರೆ ಸರಿಹೋಗುತ್ತದೆ. ಅದೂ ಬೇಡವೆನ್ನುವವರು ತಮ್ಮ ಅಡುಗೆಮನೆಯ ಡ್ರಾಯರ್ ಎಳೆದು ನೋಡಲಿ. ಪಿಜ್ಜಾ ಜೊತೆ ಬಂದ ಒರೆಗಾನೊ ಪೊಟ್ಟಣಗಳು ಎಸೆಯಲು ಮನಸ್ಸಿಲ್ಲದೆ ಕೂಡಿಟ್ಟವು, ಒಂದು ಮದುವೆಗಾಗುವಷ್ಟು ಇರುತ್ತವೆ.

ಮನೆವೈನಿನ ಮಾತು ಬಂತಲ್ಲ, ಅದಕ್ಕೂ ಒಂದು ಗ್ರೀಕ್ ಕಥೆಯಿದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕಿದ ಹಳೆಯ ಪಪೈರಸ್ ಹಾಳೆಗಳಲ್ಲಿ ಒಂದು ಗ್ರೀಕ್ ಪ್ರಹಸನ ಇತ್ತು. 1903ರಲ್ಲಿ ಅಚ್ಚಾಯಿತು. ಕರಿಟಿಯಾನ್ ಎಂಬ ಗ್ರೀಕ್ ಹುಡುಗಿ ಭಾರತದ ಕರಾವಳಿಯ ರಾಜನೊಬ್ಬನ ಕೈಗೆ ಸಿಕ್ಕಿಬಿದ್ದಿದ್ದಾಳೆ. ಅವಳ ಕಡೆಯವರು ರಾಜನಿಗೂ ಅವನ ಪರಿವಾರಕ್ಕೂ ನೀರು ಬೆರೆಸದ ವೈನು ಕುಡಿಸಿ, ಮತ್ತೇರಿಸಿ, ಹುಡುಗಿಯನ್ನು ಹಡಗು ಹತ್ತಿಸಿಕೊಂಡು ಪರಾರಿ. ಆ ರಾಜನ ಕಡೆಯವರು ಆಡುವ ಮಾತು ಕನ್ನಡ ಎಂದು 1904ರಲ್ಲಿ ಹುಲ್ಟ್ಷ್ ಎಂಬ ಜರ್ಮನ್ ವಿದ್ವಾಂಸ ಹೇಳಿದ. ಮಂಜೇಶ್ವರದ ಗೋವಿಂದ ಪೈಗಳೂ ಅದರ ಬೆನ್ನು ಹತ್ತಿದರು. ಕೆಲವರು ತುಳು ಎಂದರು, ಕೆಲವರು ಎರಡೂ ಅಲ್ಲ, ಬರೀ ಗದ್ದಲ ಎಂದರು. ನಾಲ್ಕು ಲೋಟ ಆದ ಮೇಲೆ ಯಾವ ಭಾಷೆಯೂ ಅಂಥದೇ ಜಗಳಕ್ಕೆ ವಸ್ತು. ಅದಿರಲಿ, ಗ್ರೀಕರು ನಮಗೆ ಕುಡಿಸಿ ಮೋಸ ಮಾಡಿದ ದಾಖಲೆ ನಾಟಕದಲ್ಲಾದರೂ ಇದೆ. ಈಗ ಭಾವ ಹೋಂಸ್ಟೇಗೆ ಬಂದವರಿಗೆಲ್ಲ ಆ ಸಾಲ ತೀರಿಸುತ್ತಿದ್ದಾರೆ.

ನಿಜವಾದ ಕೊಡಗು–ಗ್ರೀಕ್ ನಂಟು ಬೇಕೆಂದರೆ ಮಡಿಕೇರಿಯ ‘ಸನ್ನಿಸೈಡ್’ಗೆ ಹೋಗಿ. ಜನರಲ್ ತಿಮ್ಮಯ್ಯನವರ ಮನೆ, 2021ರಿಂದ ಮ್ಯೂಸಿಯಂ. ಸೈಪ್ರಸ್‌ನಲ್ಲಿ ಗ್ರೀಕರಿಗೂ ತುರ್ಕರಿಗೂ ಬಡಿದಾಟವಾದಾಗ ವಿಶ್ವಸಂಸ್ಥೆ 1964ರಲ್ಲಿ ಶಾಂತಿಪಾಲನಾ ಪಡೆಯನ್ನು ಇವರ ಕೈಗೆ ಕೊಟ್ಟಿತು. 1965ರ ಡಿಸೆಂಬರ್ 18ರಂದು ಅಲ್ಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ಹೆಸರಲ್ಲಿ ಅಂಚೆಚೀಟಿ ತಂದಿತು. ಆ ದ್ವೀಪದವರಿಗೆ ಸೂವ್ಲಾ ಎಂದರೆ ಪ್ರಾಣ. ದೊಡ್ಡ ದೊಡ್ಡ ಮಾಂಸದ ತುಂಡುಗಳನ್ನು ಉದ್ದ ಕಂಬಿಗೆ ಚುಚ್ಚಿ ಕೆಂಡದ ಮೇಲೆ ನಿಧಾನಕ್ಕೆ ತಿರುಗಿಸುತ್ತ ಸುಡುತ್ತಾರೆ. ಎರಡು ಕಡೆಯವರ ಜಗಳ ಬಿಡಿಸಿ ಸುಸ್ತಾದ ಸಂಜೆ ಜನರಲ್ಲರು ಅದನ್ನು ತಿಂದಿರಬಹುದು, ತಿನ್ನುತ್ತ ನಮ್ಮ ಹಂದಿಮಾಂಸದ ಪಂದಿಕರಿಯನ್ನು ನೆನೆದಿರಬಹುದು. ಇದು ನನ್ನ ಕಲ್ಪನೆ. ಇದಕ್ಕೆ ಮ್ಯೂಸಿಯಮ್ಮಿನವರು ಹೊಣೆಯಲ್ಲ.

ಇನ್ನು ಮಾಡುವ ಕೆಲಸ. ಒಂದು ಕಿಲೋ ಕೋಳಿ, ಮೂಳೆ ಇರುವ ಕಾಲಿನ ತುಂಡುಗಳಾದರೆ ಒಳ್ಳೆಯದು. ಎದೆಯ ಮಾಂಸ ಕೆಂಡ ಕಂಡ ತಕ್ಷಣ ಒಣಗಿ ಹತ್ತಿಯಾಗುತ್ತದೆ. ಅದಕ್ಕೆ ನಾಲ್ಕು ದೊಡ್ಡ ಚಮಚ ಆಲಿವ್ ಎಣ್ಣೆ, ಎರಡು ಚಮಚದೊಳಗೆ ನಿಂಬೆರಸ, ಏಕೆಂದರೆ ನಮ್ಮ ನಿಂಬೆ ಗಾತ್ರದಲ್ಲಿ ಚಿಕ್ಕದು, ಹುಳಿಯಲ್ಲಿ ಅವರದಕ್ಕಿಂತ ಜೋರು. ಜಜ್ಜಿದ ಬೆಳ್ಳುಳ್ಳಿ ಆರು ಎಸಳು, ಒರೆಗಾನೊ ಎರಡು ಸಣ್ಣ ಚಮಚ, ಉಪ್ಪೂ ಅಷ್ಟೇ, ತರಿತರಿಯಾಗಿ ಕುಟ್ಟಿದ ಮೆಣಸು ಒಂದು ಚಮಚ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ಅದು ಆಗುವುದಿಲ್ಲ. ಗಾಜಿನದೋ ಸ್ಟೀಲಿನದೋ ಇರಲಿ. ಕಲಸಿ, ಮುಚ್ಚಿ, ಫ್ರಿಜ್ಜಿನಲ್ಲಿ ಎರಡರಿಂದ ನಾಲ್ಕು ಗಂಟೆ.

ಎಲ್ಲ ಸರಿಯಾಗಿ ನಡೆಯುತ್ತಿತ್ತು, ಹುಡುಗ ಆ ಪಾತ್ರೆಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬಿಟ್ಟು ಸ್ನಾನಕ್ಕೆ ಹೋಗದಿದ್ದರೆ. ನಮ್ಮ ಕಡೆ ತೆರೆದಿಟ್ಟ ಮಸಾಲೆ ಪಾತ್ರೆ ಸಾರ್ವಜನಿಕ ಆಸ್ತಿ. ದಾಟಿ ಹೋಗುವವರು ಏನಾದರೂ ಹಾಕದೆ ಹೋಗುವುದಿಲ್ಲ. ಹಸಿ ವಾಸನೆ ಹೋಗಲಿ ಎಂದು ಅಕ್ಕಯ್ಯ ಅರಿಶಿನ ಹಾಕಿದರು. ಅತ್ತೆ ಬಂದು ಶುಂಠಿ ಹಾಕಿದರು. ಭಾವ ಮೆಣಸಿನ ಪ್ರಮಾಣ ಕೇಳಿ ಮುಖ ಸಣ್ಣ ಮಾಡಿಕೊಂಡರು. ಸಿಲ್ವರ್ ಓಕ್ ಮರಗಳಿಗೆಲ್ಲ ಬಳ್ಳಿ ಹಬ್ಬಿಸಿ ಮೆಣಸು ಬೆಳೆಯುವ ಮನುಷ್ಯ. ಅವರ ಮನೆಯ ಕೋಳಿಗೆ ಒಂದು ಚಮಚ ಎಂದರೆ ಅವಮಾನವಲ್ಲವೇ? ಒಂದು ಹಿಡಿ ಕುಟ್ಟಿ ಸುರಿದರು. ತೋಟದಿಂದ ಬಂದ ರೈಟರು ಸುಮ್ಮನೆ ಹೋಗಲಾರದೆ ನಾಲ್ಕು ಗಾಂಧಾರಿ ಮೆಣಸಿನಕಾಯಿ ಜಜ್ಜಿ ಹಾಕಿದರು. ಹುಡುಗ ಸ್ನಾನ ಮುಗಿಸಿ ಬರುವಷ್ಟರಲ್ಲಿ ಗ್ರೀಸ್ ದೇಶ ಪೂರ್ತಿ ವಿರಾಜಪೇಟೆ ತಾಲ್ಲೂಕಿಗೆ ಸೇರಿಹೋಗಿತ್ತು.

ಅವನು ಇನ್ನೊಂದು ಕಿಲೋ ತರಿಸಿ ಬೇರೆ ಕಲಸಿದ. ಈ ಸಲ ಪಾತ್ರೆ ಫ್ರಿಜ್ಜಿನ ಹಿಂಭಾಗದಲ್ಲಿ, ಮಗ್ಗುಲಲ್ಲಿ ಅವನು.

ಆಗ ಶುರುವಾಯಿತು ಹುಳಿಯ ವಾದ. ಎರಡು ಗಂಟೆ ಯಾಕೆ, ರಾತ್ರಿಯಿಡೀ ನೆನೆಸಿದರೆ ಇನ್ನೂ ಮೆತ್ತಗಾಗುವುದಿಲ್ಲವೇ ಎಂದು ಭಾವನ ಪ್ರಶ್ನೆ. ಆಗುವುದಿಲ್ಲ. ಮಾಂಸದ ಒಳಗೆ ನಿಧಾನಕ್ಕೆ ಇಳಿದು ಹೋಗುವುದು ಮುಖ್ಯವಾಗಿ ಉಪ್ಪು. ನಿಂಬೆಯ ಹುಳಿ, ಸೊಪ್ಪಿನ ಘಮ ಎಲ್ಲ ಮೇಲಿನ ಕೆಲವೇ ಮಿಲಿಮೀಟರಿನ ವ್ಯವಹಾರ. ಹೆಚ್ಚು ಹೊತ್ತು ಬಿಟ್ಟರೆ ಹುಳಿ ಮೇಲ್ಮೈಯನ್ನು ಬಿಳಿಚಿಸಿ ಹಿಟ್ಟುಹಿಟ್ಟು ಮಾಡಿಬಿಡುತ್ತದೆ. ರಾತ್ರಿಯಿಡೀ ಇಡಲೇಬೇಕೆಂದರೆ ನಿಂಬೆ ಬಿಟ್ಟು ಮೊಸರು ಹಾಕಿ. ಅದರ ಹುಳಿ ಸಾಧು. ಗ್ರೀಕ್ ಯೋಗರ್ಟ್ ಎಂದು ದುಡ್ಡು ಕೊಡಬೇಕಾಗಿಲ್ಲ, ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದರೆ ಅದೇ ಇದು.

“ಹುಳಿ ಮೊದಲೇ ಯಾಕೆ ಹಾಕ್ತಾರೆ ಅಂತ ನಾನು ಆಗಲೇ ಕೇಳಬೇಕು ಅಂತಿದ್ದೆ” ಅಂದರು ಅಕ್ಕಯ್ಯ. ಇಲ್ಲಿ ನನಗೆ ನಮ್ಮವರ ಮೇಲೆ ಅಭಿಮಾನ ಉಕ್ಕಿತು. ಪಂದಿಕರಿಯಲ್ಲಿ ಕಾಚಂಪುಳಿ ಎಂಬ ನಮ್ಮ ಕಪ್ಪು ಹುಳಿ ಬೀಳುವುದು ಮಾಂಸ ಬೆಂದು, ಹುರಿದ ಮಸಾಲೆ ಕಪ್ಪಗೆ ಕೂತ ಮೇಲೆ, ಕೊನೆಯಲ್ಲಿ. ಗ್ರೀಕರಲ್ಲೂ ಬಲ್ಲವರು ನಿಂಬೆ–ಎಣ್ಣೆ ಕದಡಿದ ‘ಲಾದೊಲೆಮೊನೊ’ವನ್ನು ಸುಟ್ಟು ಇಳಿಸಿದ ಬಿಸಿ ಮಾಂಸದ ಮೇಲೆ ಸುರಿಯುತ್ತಾರೆ. ಮೊದಲು ಉಪ್ಪು, ಎಣ್ಣೆ, ಸೊಪ್ಪು. ಹುಳಿಯ ಬಹುಪಾಲು ಆಮೇಲೆ. ಕೊಡಗೂ ಗ್ರೀಸೂ ಒಂದೇ ವಂಶ ಎಂದು ಸಾಧಿಸಬೇಕೆನ್ನುವವರು ಕೊಡವರ ಉಡುಪು, ಸೊಂಟದ ಪೀಚೆಕತ್ತಿ ಬಿಟ್ಟು ಇದನ್ನು ಹಿಡಿದುಕೊಳ್ಳಲಿ.

ಅಕ್ಕಯ್ಯ ಮಾತಿನಲ್ಲೇ ನಿಲ್ಲಲಿಲ್ಲ, ಅಟ್ಟದಿಂದ ಬಾಟಲಿ ಇಳಿಸಿದರು. ಕಾಚಂಪುಳಿ ಮಾಡುವವರ ಕಷ್ಟ ನೋಡಿದವರಿಗೇ ಗೊತ್ತು. ಮಳೆಗಾಲದಲ್ಲಿ ಮಾಗಿ ಬಿದ್ದ ಪಣಪುಳಿ ಹಣ್ಣನ್ನು ಆರಿಸಿ, ಬುಟ್ಟಿಗೆ ತುಂಬಿ, ಕೊಳೆತು ರಸ ಕೆಳಗಿನ ಪಾತ್ರೆಗೆ ತೊಟ್ಟಿಕ್ಕುವುದನ್ನು ಕಾಯಬೇಕು. ಆ ರಸವನ್ನು ಕಪ್ಪಾಗಿ ಮಂದವಾಗುವ ತನಕ ಕುದಿಸಿ ಬತ್ತಿಸಬೇಕು. ಆಮೇಲೆ ಅದು ವರ್ಷಗಟ್ಟಲೆ ಕೆಡುವುದಿಲ್ಲ. ಒಂದು ಕಿಲೋ ಸುಟ್ಟ ಕೋಳಿಗೆ ಅರ್ಧ ಸಣ್ಣ ಚಮಚ ಸಾಕು, ಎರಡು ಚಮಚ ಎಣ್ಣೆಯಲ್ಲಿ ಕದಡಿ, ಒಂದಿಷ್ಟು ತೋಟದ ಜೇನು ಸೇರಿಸಿ ಸವರಬೇಕು. ಜಾಸ್ತಿಯಾದರೆ ಹಲ್ಲು ಜುಮ್ಮೆಂದು ಅತಿಥಿಗಳು ಬಿಲ್ಲು ಕೊಡುವಾಗ ಬಾಯಿ ತೆರೆಯಲಾರರು. ಭಾವನಿಗೆ ಅದು ಅನುಕೂಲವೇ.

ನಾಟಿ ಕೋಳಿ ಹಾಕೋಣವೇ ಎಂದು ಕೇಳಬೇಡಿ. ಅದು ನೂಲ್‌ಪುಟ್ಟಿನ ಜೊತೆಗಿನ ಸಾರಿಗೆ ಹುಟ್ಟಿದ್ದು. ತೋಟವೆಲ್ಲ ಓಡಾಡಿ ಗಟ್ಟಿಯಾದ ಅದರ ಕಾಲನ್ನು ಕೆಂಡದ ಮೇಲಿಟ್ಟರೆ ಮೊದಲು ಸೋಲುವುದು ಕೆಂಡ. ಫಾರಂ ಕೋಳಿಗೆ ಬಾಳಿನಲ್ಲಿ ಒಂದೇ ಗೌರವ ಸಿಗುವುದಾದರೆ ಅದು ಇಲ್ಲಿ. ಕೆಂಡಕ್ಕೆ ಕಾಫಿ ಗಿಡದ ಕಟ್ಟಿಗೆ ಉತ್ತಮ; ಜ್ವಾಲೆ ಇಳಿದು ಬೂದಿ ಮುಸುಕುವವರೆಗೆ ಕಾಯಬೇಕು, ಇಲ್ಲವಾದರೆ ಎಣ್ಣೆ ತೊಟ್ಟಿಕ್ಕಿ ಬೆಂಕಿ ಹತ್ತಿ ಹೊರಗೆ ಕರಿ, ಒಳಗೆ ಹಸಿ. ಮೂಳೆಯ ಹತ್ತಿರ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು ಎನ್ನುತ್ತದೆ ಹುಡುಗನ ಥರ್ಮಾಮೀಟರು. ಅಕ್ಕಯ್ಯನ ಕಡ್ಡಿ ಚುಚ್ಚಿದರೆ ಬರುವ ರಸದಲ್ಲಿ ಕೆಂಪು ಕಾಣಬಾರದು. ಹಸಿ ಕೋಳಿ ನೆನೆದ ಮಸಾಲೆಯನ್ನು ಬೆಂದ ಕೋಳಿಯ ಮೇಲೆ ಹಾಗೇ ಸವರುವವರಿದ್ದಾರೆ. ಅವರ ಮನೆಗೆ ಊಟಕ್ಕೆ ಹೋಗಬೇಡಿ. ಇವೆಲ್ಲ ಮಾಂಸ ಮುಟ್ಟದ ಕಾವೇರಿ ಸಂಕ್ರಮಣದ ದಿನ ಬೇಡ ಎನ್ನುವುದನ್ನು ನಾನು ಹೇಳಬೇಕಾಗಿಲ್ಲ. ಕಕ್ಕಡ ತಿಂಗಳ ಮಳೆಯಲ್ಲೂ ಬೇಡ, ಕೊಡೆ ಹಿಡಿಯಲು ಒಬ್ಬ, ಊದಲು ಇಬ್ಬರು ಬೇಕಾಗುತ್ತದೆ.

ಕೊನೆಗೆ ಕೋಳಿ ಸುಟ್ಟಾಯಿತು. ನಿಜ ಹೇಳುತ್ತೇನೆ, ಚೆನ್ನಾಗಿತ್ತು. ನೆಂಚಿಕೊಳ್ಳಲು ಹುಡುಗ ಝಾಝಿಕಿ ಮಾಡಿದ. ಕಟ್ಟಿದ ಗಟ್ಟಿ ಮೊಸರಿಗೆ ತುರಿದು ಹಿಂಡಿದ ಸೌತೆಕಾಯಿ, ಬೆಳ್ಳುಳ್ಳಿ, ಉಪ್ಪು, ಸ್ವಲ್ಪ ಎಣ್ಣೆ. ಅಕ್ಕಯ್ಯ ಬೆರಳಲ್ಲಿ ನೆಕ್ಕಿ ನೋಡಿ, “ಮೊಸರುಬಜ್ಜಿ ತಾನೇ? ಒಗ್ಗರಣೆ ಯಾರು ಹಾಕೋದು?” ಅಂದರು.

“ಅವ್ವಾ, ಗ್ರೀಕರು ಇದಕ್ಕೆ ಒಗ್ಗರಣೆ ಹಾಕಲ್ಲ.”

“ಸರಿ ಮಾರಾಯ, ಹಾಕಲ್ಲ” ಎಂದು ಅಕ್ಕಯ್ಯ ಒಪ್ಪಿಕೊಂಡರು. ಹುಡುಗ ಅತಿಥಿಗಳಿಗೆ ತಟ್ಟೆ ಕೊಡಲು ಅಂಗಳಕ್ಕೆ ಹೋದ. ಒಳಗೆ ಸಾಸಿವೆ ಚಟಪಟ ಸಿಡಿದ ಸದ್ದು ಕೇಳಿದವನು ನಾನೊಬ್ಬನೇ, ನಾನು ಹೇಳಲಿಲ್ಲ.