ಶ್ರುತಿರಾಯರು

ಪಟ್ಟಣವು ಬೆಳೆದಂತೆಲ್ಲ ಅದರ ಒಂದೊಂದು ಬಡಾವಣೆಯೂ ತನಗೇ ವಿಶಿಷ್ಟವಾದ ಒಂದೊಂದು ಮಾನವ ಪ್ರಭೇದವನ್ನು ಸೃಷ್ಟಿಸಿಕೊಳ್ಳುತ್ತದೆ. ಹಿಂದೆ ಬಸವನಗುಡಿಗೆ ಉಪನ್ಯಾಸ ಕೇಳುವ ಪಿಂಚಣಿದಾರರೂ, ಮಲ್ಲೇಶ್ವರಕ್ಕೆ ಸಂಗೀತ ಸಭೆಯ ಮುಂದಿನ ಸಾಲಿನಲ್ಲಿ ಕುಳಿತು ತೊಡೆಯ ಮೇಲೆ ತಾಳ ಹಾಕುವ ರಸಿಕರೂ, ದಂಡಿನ ಪ್ರದೇಶಕ್ಕೆ ಮದುವೆಯ ಬ್ಯಾಂಡಿನವರೂ ಹೇಗೆ ಅನಿವಾರ್ಯವಾಗಿ ಒದಗಿಬಂದರೋ, ಹಾಗೆಯೇ ಹೊರವರ್ತುಲ ರಸ್ತೆಯು ಹಾದು, ಹೊಲಗದ್ದೆಗಳಿದ್ದೆಡೆ ಗಾಜಿನ ಕಚೇರಿಗಳೆದ್ದು, ಆ ಕಚೇರಿಗಳ ನೌಕರರಿಗಾಗಿ ಪಿ.ಜಿ.ಗಳೂ ಅಪಾರ್ಟ್‌ಮೆಂಟುಗಳೂ ಫ್ಯಾಕ್ಟರಿ ಔಟ್‌ಲೆಟ್‌ಗಳೂ ಒತ್ತೊತ್ತಾಗಿ ನಿಂತ ಮೇಲೆ, ಮಾರತ್ತಹಳ್ಳಿಗೂ ಒಂದು ಪ್ರಭೇದವು ಪ್ರಾಪ್ತವಾಯಿತು. ಅದೇ ತನ್ನ ಎಲೆಕ್ಟ್ರಿಕ್ ಗಿಟಾರನ್ನು ತಾನೇ ಸೆಟಪ್ ಮಾಡಿಕೊಳ್ಳಬಲ್ಲ ಸದ್ಗೃಹಸ್ಥ. ‘ನುಡಿಸಬಲ್ಲ’ ಎಂದು ನಾನು ಹೇಳಲಿಲ್ಲವೆಂಬುದನ್ನು ವಾಚಕರು ದಯಮಾಡಿ ಗಮನಿಸಬೇಕು.

ಇಂಥವರು ತುಳಸಿ ಥಿಯೇಟರಿನ ಬಸ್ ನಿಲ್ದಾಣದಿಂದ ಕುಂದಲಹಳ್ಳಿ ಗೇಟಿನವರೆಗೆ ಅಪಾರ್ಟ್‌ಮೆಂಟಿಗೊಬ್ಬರಂತೆ ದೊರೆಯುವುದರಿಂದ, ಎಲ್ಲರ ಲಕ್ಷಣಗಳನ್ನೂ ಒಬ್ಬರಲ್ಲಿಯೇ ಆವಾಹಿಸಿ ಅವರನ್ನು ಶ್ರುತಿರಾಯರೆಂದು ಕರೆಯೋಣ. ಊರು ಸಕಲೇಶಪುರದ ಕಡೆ, ಓದಿದ್ದು ಇಂಜಿನಿಯರಿಂಗ್, ವಯಸ್ಸು ನಲವತ್ತರ ಹೊಸ್ತಿಲು, ವೃತ್ತಿಯು, ಪರರು ಬರೆದ ಸಾಫ್ಟ್‌ವೇರಿನಲ್ಲಿ ದೋಷಗಳನ್ನು ಹುಡುಕುವುದು. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ತಂಡದವರು ನುಡಿಸಿದಾಗ ಹಾಸ್ಟೆಲ್ಲಿನ ಗೆಳೆಯರ ಹೆಗಲ ಮೇಲೆ ಕೈಯಿಟ್ಟು ಧೂಳಿನಲ್ಲಿ ಕುಣಿದವರು. 2011ರ ಅಕ್ಟೋಬರ್ 30ರಂದು ಅದೇ ಮೈದಾನದಲ್ಲಿ ಮೆಟಾಲಿಕಾ ತಂಡದವರು ನುಡಿಸಿದಾಗ ಸ್ವಂತ ಸಂಬಳದ ಟಿಕೆಟ್ಟಿನ ಮೇಲೆ ಹೋಗಿ ಕುಣಿದವರು. ಮೊದಲನೆಯ ಸಲ ರೋಗವು ತಗಲಿತು, ಎರಡನೆಯ ಸಲ ಉಲ್ಬಣಿಸಿತು. ಮದುವೆಯಾದರೆ ವಾಸಿಯಾದೀತೆಂದು ಹಿರಿಯರು ಮಾಡಿದ ಚಿಕಿತ್ಸೆ ನಿಷ್ಫಲವಾಯಿತಷ್ಟೇ ಅಲ್ಲ, ಮಾವನವರು ಕೊಟ್ಟ ಉಡುಗೊರೆಯ ಹಣವೇ ಗಿಟಾರಾಗಿ ಪರಿಣಮಿಸಿತು.

ಗಿಟಾರು ಕೊಂಡವನು ನುಡಿಸಲು ಕಲಿಯುವನೆಂಬುದು ಸಾಮಾನ್ಯರ ಊಹೆ. ಶ್ರುತಿರಾಯರೂ ಮೊದಲು ಆ ಸನ್ಮಾರ್ಗದಲ್ಲಿಯೇ ಇದ್ದರು. ಆದರೆ ಮೊದಲನೆಯ ಮಳೆಗಾಲದಲ್ಲಿ ತಂತಿಗಳು ಮೆಟ್ಟಿಲಿಗೆ ತಗುಲಿ ಝಿರ್ ಎನ್ನಲು ಆರಂಭಿಸಿದುವು. ಇಂದಿರಾನಗರದ ಕುಶಲಕರ್ಮಿಯೊಬ್ಬರಿಗೆ ತೋರಿಸೋಣವೆಂದರೆ, ಹಳೆಯ ವಿಮಾನ ನಿಲ್ದಾಣದ ರಸ್ತೆಯ ವಾಹನಸಾಗರವನ್ನು ದಾಟಿ ಹೋಗಿ ಬರುವಷ್ಟರಲ್ಲಿ ಋತುವೇ ಬದಲಾಗಿ ವಾದ್ಯವು ಮತ್ತೆ ಕೆಡುವುದೆಂಬ ಭಯ. ಆಗ ಅವರು ಗಿಟಾರಿನ ಅಂತರಂಗವನ್ನು ಅಧ್ಯಯನ ಮಾಡಿ ಒಂದು ಮಹಾಸತ್ಯವನ್ನು ಕಂಡುಕೊಂಡರು. ಅತ್ಯಂತ ಸಣ್ಣ ತಂತಿಯು ಅಂಗುಲದ ಸಾವಿರದಲ್ಲಿ 10 ಭಾಗ ದಪ್ಪವಿರುವ ಸಾಧಾರಣ ಸೆಟ್ಟನ್ನು ಹಾಕಿ ಶ್ರುತಿ ಮಾಡಿದರೆ, ಆರು ಉಕ್ಕಿನ ತಂತಿಗಳೂ ಸೇರಿ ಸುಮಾರು 45 ಕಿಲೋಗ್ರಾಂ ಬಲದಿಂದ ದಂಡಿಯನ್ನು ಮುಂದಕ್ಕೆ ಬಗ್ಗಿಸುತ್ತಿರುತ್ತವೆ; ಆ ಸೆಳೆತಕ್ಕೆ ಪ್ರತಿಯಾಗಿ ದಂಡಿಯ ಹೊಟ್ಟೆಯೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳೊಂದು ಅಡಗಿ ಕುಳಿತಿರುತ್ತದೆ; ಗಿಬ್ಸನ್ ಕಂಪನಿಯ ಥಾಡಿಯಸ್ ಮೆಕ್‌ಹ್ಯೂ ಎಂಬಾತ 1923ರಲ್ಲಿ ಅದಕ್ಕೆ ಪೇಟೆಂಟು ಪಡೆದನು; ಮತ್ತು ಅದರ ತುದಿಯ ತಿರುಪನ್ನು ಅಲೆನ್ ಕೀಯಿಂದ ಕಾಲು ಸುತ್ತು ತಿರುಗಿಸುವ ಅಧಿಕಾರವು ಮನುಷ್ಯಮಾತ್ರರೆಲ್ಲರಿಗೂ ಉಂಟು. ಆ ಕಾಲು ಸುತ್ತನ್ನು ತಿರುಗಿಸಿದ ದಿನವೇ ಶ್ರುತಿರಾಯರ ಸಂಗೀತಾಭ್ಯಾಸವು ಮುಗಿದು ಯಂತ್ರೋಪಾಸನೆಯು ಆರಂಭವಾಯಿತು.

ಈ ಉಪಾಸನೆಗೆ ಭಾನುವಾರ ಬೆಳಗು ಪ್ರಶಸ್ತ. ಊಟದ ಮೇಜಿನ ಮೇಲೆ ಹಳೆಯ ಟರ್ಕಿ ಟವಲನ್ನು ಹಾಸಿ, ಗಿಟಾರನ್ನು ಅಂಗಾತ ಮಲಗಿಸಿ, ಕುತ್ತಿಗೆಯ ಕೆಳಗೆ ಮಗಳ ಸಮಾಜಪಾಠದ ಪುಸ್ತಕಗಳನ್ನು ದಿಂಬಾಗಿರಿಸಿ, ಬಲಗಡೆಗೆ ಸಾಧನಗಳನ್ನು ಜೋಡಿಸುತ್ತಾರೆ: ಅಲೆನ್ ಕೀಗಳು, ಆರಂಗುಲದ ಉಕ್ಕಿನ ಸ್ಕೇಲು, ನಿಂಬೆಯೆಣ್ಣೆಯ ಸೀಸೆ, ನಿವೃತ್ತವಾದ ಹಲ್ಲುಜ್ಜುವ ಬ್ರಷ್ಷು, ಮತ್ತು ಜೆ.ಸಿ. ರಸ್ತೆಯ ಮೋಟಾರು ಬಿಡಿಭಾಗಗಳ ಅಂಗಡಿಯಲ್ಲಿ ಕೊಂಡ ಫೀಲರ್ ಗೇಜು. ಸ್ಕೂಟರಿನ ಟ್ಯಾಪೆಟ್ ಸಂದನ್ನು ಅಳೆಯಲು ಮೆಕ್ಯಾನಿಕರು ಬಳಸುವ ಈ ತೆಳು ಪಟ್ಟಿಗಳಲ್ಲಿ ಕಾಲು ಮಿಲಿಮೀಟರಿನದನ್ನು ಆರಿಸಿ, ಮೊದಲನೆಯ ಮೆಟ್ಟಿಲಿಗೆ ಕೇಪೋ ಎಂಬ ಕ್ಲಿಪ್ಪನ್ನು ಕಚ್ಚಿಸಿ, ಕೊನೆಯ ಮೆಟ್ಟಿಲನ್ನು ಮೊಣಕೈಯಿಂದ ಒತ್ತಿ, ಉಸಿರು ಬಿಗಿಹಿಡಿದು, ಏಳನೆಯ ಮೆಟ್ಟಿಲಿಗೂ ತಂತಿಗೂ ನಡುವಣ ಸಂದಿನಲ್ಲಿ ಅದನ್ನು ತೂರಿಸುತ್ತಾರೆ. ಪಟ್ಟಿಯು ತಂತಿಯನ್ನು ಸೋಕಿಯೂ ಸೋಕದಂತೆ ಜಾರಿದರೆ ಮುಖದಲ್ಲಿ ಬ್ರಹ್ಮಾನಂದ. ಆ ಹೊತ್ತಿನಲ್ಲಿ ಅಡಿಗೆಮನೆಯ ಕುಕ್ಕರು ಕೂಗಿದರೆ ಅದು ಗೃಹಕೃತ್ಯವೆಂದು ಪರಿಗಣಿತವಾಗದೆ ಶಬ್ದಮಾಲಿನ್ಯವೆಂದು ಪರಿಗಣಿತವಾಗುತ್ತದೆ.

ದಂಡಿಯ ತರುವಾಯ ತಂತಿಯ ಎತ್ತರ: ಹದಿನೇಳನೆಯ ಮೆಟ್ಟಿಲಿನ ಮೇಲೆ 1.6 ಮಿಲಿಮೀಟರು. ಎತ್ತರದ ತರುವಾಯ ಇಂಟೋನೇಶನ್: ಹನ್ನೆರಡನೆಯ ಮೆಟ್ಟಿಲಿನ ಮೇಲೆ ಬೆರಳನ್ನು ಬರಿದೆ ಸೋಕಿಸಿ ಮೀಟಿದಾಗಲೂ ಒತ್ತಿ ಮೀಟಿದಾಗಲೂ ಒಂದೇ ಸ್ವರವು ಬರಬೇಕು; ಒತ್ತಿದ ಸ್ವರವು ಏರಿದ್ದರೆ ಕುದುರೆಯನ್ನು ಹಿಂದಕ್ಕೆ ಸರಿಸಿ ತಂತಿಯನ್ನು ಉದ್ದ ಮಾಡಬೇಕು, ಇಳಿದಿದ್ದರೆ ಮುಂದಕ್ಕೆ. ಕೇಳುವುದಕ್ಕೆ ಇದು ಸುಲಭ. ಆದರೆ ಶ್ರುತಿರಾಯರದು ಸ್ಟ್ರಾಟೋಕಾಸ್ಟರ್ ಮಾದರಿಯ ವಾದ್ಯವಾದ್ದರಿಂದ, ಆರು ತಂತಿಗಳಿಗೆ ಆರು ಪ್ರತ್ಯೇಕ ಕುದುರೆಗಳು. ಆ ಆರೂ ಕುಳಿತಿರುವ ಲೋಹದ ಪೀಠವೋ ಹಿಂಬದಿಯ ಸ್ಪ್ರಿಂಗುಗಳ ಬಲದಿಂದ ತೇಲಿಕೊಂಡಿರುವಂಥದು. ಒಂದು ತಂತಿಯನ್ನು ಬಿಗಿದರೆ ಪೀಠವು ಮುಂದಕ್ಕೆ ವಾಲಿ ಉಳಿದ ಐದೂ ಸಡಿಲುತ್ತವೆ. ಅವನ್ನು ಬಿಗಿದರೆ ಮೊದಲನೆಯದು ಇಳಿಯುತ್ತದೆ. ಅವಿಭಕ್ತ ಕುಟುಂಬದಲ್ಲಿ ಒಬ್ಬ ಸೊಸೆಗೆ ಸೀರೆ ತಂದ ಯಜಮಾನನ ಪಾಡೇ ಇವರ ಪಾಡು. ಬೆಳಗಿನ ಕಾಫಿಗೆ ಆರಂಭವಾದ ಸಂಧಾನವು ಸಂಜೆಯ ಕಾಫಿಯವರೆಗೆ ನಡೆದು, ಎಲ್ಲ ತಂತಿಗಳೂ ಒಪ್ಪಿದ ಕ್ಷಣದಲ್ಲಿ ಶ್ರುತಿರಾಯರು ಒಂದೇ ಒಂದು ಸಲ ಬರಿಯ ತಂತಿಗಳನ್ನೆಲ್ಲ ಮೀಟಿ, ಕಣ್ಣು ಮುಚ್ಚಿ ಆಲಿಸಿ, ಗಿಟಾರನ್ನು ಚೀಲದೊಳಗಿಟ್ಟು ಜಿಪ್ ಎಳೆಯುತ್ತಾರೆ. ಆ ವಾರದ ಕಚೇರಿ ಮುಗಿಯಿತು.

ವಿದ್ಯುತ್ತಿನ ಅಧ್ಯಾಯವು ಬೇರೆಯೇ ಉಂಟು. ಗಿಟಾರನ್ನು ಆಂಪ್ಲಿಫೈಯರಿಗೆ ಸೇರಿಸಿದೊಡನೆ ನಮ್ಮ ದೇಶದ ವಿದ್ಯುತ್ತಿನ 50 ಹರ್ಟ್ಸ್ ಕಂಪನವು ಒಂಟಿ ಸುರುಳಿಯ ಪಿಕಪ್ಪಿನೊಳಕ್ಕೆ ನುಸುಳಿ ಗುಂಯ್ಯೆನ್ನುತ್ತದೆ.

“ರೀ, ಆ ಗುಂಯ್ ಅನ್ನೋದು ಫ್ರಿಜ್ಜೋ, ನಿಮ್ಮದೋ?” ಎಂದು ಮನೆಯಾಕೆ ಕೇಳುತ್ತಾರೆ.

“ಇದು ಸಿಂಗಲ್ ಕಾಯಿಲ್ ಕಣೇ, ಇದರ ಸ್ವಭಾವವೇ ಹಾಗೆ.”

“ಹಾಗಾದರೆ ಫ್ರಿಜ್ಜೇ ವಾಸಿ, ಅದು ಆಗಾಗ ಸುಮ್ಮನಾಗುತ್ತೆ.”

ಈ ಅವಮಾನವನ್ನು ಸಹಿಸದೆ ಶ್ರುತಿರಾಯರು ಎಸ್.ಪಿ. ರಸ್ತೆಗೆ ದಂಡೆತ್ತಿ ಹೋಗಿ, ತಾಮ್ರದ ಟೇಪು, ಬೆಸುಗೆಯ ತಂತಿ, 250 ಕಿಲೋ ಓಮಿನ ಪಾಟುಗಳು, ಕಾಂಟ್ಯಾಕ್ಟ್ ಕ್ಲೀನರಿನ ಡಬ್ಬಿ, ಇವುಗಳೊಡನೆ ವಿಜಯಿಯಾಗಿ ಹಿಂದಿರುಗುತ್ತಾರೆ. ಗಿಟಾರಿನ ಒಡಲಿಗೆಲ್ಲ ಒಳಗಿನಿಂದ ತಾಮ್ರದ ಕವಚವನ್ನು ತೊಡಿಸಿದ ಮೇಲೆ ಗುಂಯ್ಕಾರವು ಅರ್ಧಕ್ಕಿಳಿಯುತ್ತದೆ. ಆದರೆ ವಾಲ್ಯೂಮಿನ ಗುಂಡಿಯನ್ನು ತಿರುಗಿಸಿದರೆ ಕರಕರ. ಹೊರವರ್ತುಲ ರಸ್ತೆಯ ಉದ್ದಕ್ಕೂ ನಡೆದಿರುವ ಮೆಟ್ರೋ ಕಾಮಗಾರಿಯ ಧೂಳು, ಮಾರತ್ತಹಳ್ಳಿಯ ಕಿಟಕಿ, ಪರದೆ, ಶ್ವಾಸಕೋಶಗಳನ್ನು ಹೊಕ್ಕಂತೆಯೇ ಆ ಗುಂಡಿಯ ಕೆಳಗಿನ ಪಾಟಿನೊಳಕ್ಕೂ ಹೊಕ್ಕಿರುತ್ತದೆ. ಸರ್ಕಾರದ ಅಭಿವೃದ್ಧಿ ಯೋಜನೆಯೊಂದನ್ನು ಇಷ್ಟು ಸೂಕ್ಷ್ಮವಾಗಿ ಕಿವಿಯಿಂದಲೇ ಅನುಭವಿಸಿದ ನಾಗರಿಕರು ಬೇರೆ ಇರಲಾರರು.

ಊರಿನಿಂದ ತಂದೆಯವರು ಬಂದಾಗ ಫಿಂಗರ್‌ಬೋರ್ಡಿಗೆ ಎಣ್ಣೆ ಹಚ್ಚುವ ಕಾರ್ಯವು ನಡೆದಿತ್ತು. ಆ ಕಪ್ಪುಗೆಂಪಿನ ಪಟ್ಟಿಯನ್ನು ಬೆರಳಿನಿಂದ ಸವರಿ ನೋಡಿ, “ಇದು ನಮ್ಮ ಬೀಟೆಯಲ್ಲವೇನೋ?” ಎಂದರು. ಹೌದು; ಪಶ್ಚಿಮಘಟ್ಟದ ಬೀಟೆಯು ಬಹುಕಾಲದಿಂದ ಜಗತ್ತಿನ ಗಿಟಾರು ಕಾರ್ಖಾನೆಗಳನ್ನೆಲ್ಲ ಸೇರುತ್ತಿದೆ. “ಮಳೆಯಲ್ಲಿ ನೆಂದು ಬಿಸಿಲಲ್ಲಿ ಒಣಗಿ ತೋಟದಲ್ಲಿ ತಾನಾಗಿ ನಿಂತಿರೋ ಮರ. ಅದಕ್ಕೆ ಎಣ್ಣೆಸ್ನಾನ ಮಾಡಿಸೋದನ್ನು ನಾನು ಇಲ್ಲೇ ಕಂಡದ್ದು,” ಎಂದು ವೃದ್ಧರು ಪತ್ರಿಕೆಯನ್ನು ಬಿಡಿಸಿದರು.

ಆದರೆ ನಿಜವಾದ ಪರೀಕ್ಷೆಯಾದದ್ದು ಮೈಸೂರಿನ ಸೋದರತ್ತೆಯವರು ಬಂದಾಗ. ಅವರು ವೀಣೆ ನುಡಿಸಿ ಬೆರಳ ತುದಿಗಳಲ್ಲಿ ಗೆರೆ ಬೀಳಿಸಿಕೊಂಡವರು. ಅಳಿಯನ ಅನುಷ್ಠಾನವನ್ನು ಒಂದು ಇಡೀ ಭಾನುವಾರ ಮೌನವಾಗಿ ನೋಡಿ, ಸಂಜೆ ಜಿಪ್ ಎಳೆಯುವ ಸದ್ದು ಕೇಳಿದ ಮೇಲೆ ಬಾಯಿ ತೆರೆದರು.

“ನಮ್ಮ ವೀಣೆಗೂ ಮೇಳ ಕಟ್ಟಿಸಬೇಕು ಕಣೋ. ಜೇನುಮೇಣಕ್ಕೆ ಇದ್ದಿಲಪುಡಿ ಬೆರೆಸಿ ಕರಗಿಸಿ, ಇಪ್ಪತ್ತನಾಲ್ಕು ಮೆಟ್ಟಿಲನ್ನೂ ಒಂದೊಂದಾಗಿ ಕೂರಿಸಿ, ಕಿವಿಗೆ ಸರಿ ಬರೋವರೆಗೂ ಮೇಳ ಕಟ್ಟೋನು ಏಳ್ತಿರಲಿಲ್ಲ. ಆದರೆ ಆತ ಎದ್ದಮೇಲೆ ನಾವು ಕೂತು ನುಡಿಸ್ತಿದ್ದೆವು. ಇಲ್ಲಿ ಎದ್ದೋನೂ ನೀನೇ, ಕೂರಬೇಕಾದೋನೂ ನೀನೇ. ನುಡಿಸೋನು ಯಾರಪ್ಪಾ?”

ಶ್ರುತಿರಾಯರಲ್ಲಿ ಇಂಥ ಪ್ರಶ್ನೆಗೆ ಬ್ರಹ್ಮಾಸ್ತ್ರವೊಂದು ಸದಾ ಸಿದ್ಧವಾಗಿರುತ್ತದೆ. “ಅತ್ತೇ, 1954ರಲ್ಲಿ ಈ ಗಿಟಾರನ್ನು ಲೋಕಕ್ಕೆ ಕೊಟ್ಟ ಲಿಯೋ ಫೆಂಡರ್ ಇದ್ದಾನಲ್ಲ, ಆತ ರೇಡಿಯೋ ರಿಪೇರಿ ಮಾಡ್ತಿದ್ದವನು. ಗಿಟಾರ್ ನುಡಿಸೋದಕ್ಕೆ ಅವನಿಗೆ ಬರ್ತಲೇ ಇರಲಿಲ್ಲ!”

ಇದು ಸತ್ಯ. ಕ್ಯಾಲಿಫೋರ್ನಿಯಾದ ಫುಲರ್ಟನ್ನಿನ ಆ ಮಹಾನುಭಾವನು ಜಗತ್ತಿನ ಅತಿ ಪ್ರಸಿದ್ಧ ಗಿಟಾರುಗಳನ್ನು ನಿರ್ಮಿಸಿಯೂ, ಒಂದನ್ನಾದರೂ ನುಡಿಸಲು ಕಲಿಯದೆಯೇ 1991ರಲ್ಲಿ ತೀರಿಕೊಂಡನು. ನಮ್ಮ ಪ್ರಭೇದಕ್ಕೆ ಆತನೇ ಮೂಲಪುರುಷ. ಆದರೆ ಅತ್ತೆಯವರು ತರ್ಕದಲ್ಲಿಯೂ ತಾನದಷ್ಟೇ ನುರಿತವರು.

“ಒಳ್ಳೇದೇ ಆಯ್ತು. ಆತ ಮಾಡಿದ್ದನ್ನ ನುಡಿಸೋರ ಕೈಗೆ ಕೊಟ್ಟನಲ್ಲವೇ?”

“ಇವರು ಮಾರೋದೂ ಇಲ್ಲ ಅತ್ತೇ,” ಎಂದು ಅಡಿಗೆಮನೆಯಿಂದ ಅನುಮೋದನೆ ಬಂದಿತು.

ಆಗಲಿ, ಮನುಷ್ಯನು ಕಾರಣವಿಲ್ಲದೆ ಇಂಥ ವ್ರತವನ್ನು ಕೈಕೊಳ್ಳುವುದಿಲ್ಲ. ಶ್ರುತಿರಾಯರ ಉಳಿದ ಆರು ದಿನಗಳನ್ನು ಪರಿಶೀಲಿಸಿದರೆ ಕಾರಣವು ತಾನಾಗಿ ಹೊಳೆಯುತ್ತದೆ. ನೀರಿನ ಟ್ಯಾಂಕರು ಬರುವ ಹೊತ್ತು ಅವರ ಅಧೀನದಲ್ಲಿಲ್ಲ. ಸೇತುವೆಯ ಕೆಳಗೆ ನಿಂತ ಬಸ್ಸು ಚಲಿಸುವ ಮುಹೂರ್ತವು ಚಾಲಕನಿಗೇ ತಿಳಿಯದು. ಕಚೇರಿಯಲ್ಲಿ ವರ್ಷವೆಲ್ಲ ದುಡಿದುದರ ಫಲವನ್ನು ನಿರ್ಣಯಿಸುವವರು ಬೇರೊಂದು ಖಂಡದಲ್ಲಿ ನಿದ್ರಿಸುತ್ತಿರುತ್ತಾರೆ. ಅಗೆದ ರಸ್ತೆಯನ್ನು ಮುಚ್ಚುವುದಕ್ಕೂ ಮುಚ್ಚಿದ ರಸ್ತೆಯನ್ನು ಅಗೆಯುವುದಕ್ಕೂ ಅವರ ಅಪ್ಪಣೆಯನ್ನು ಯಾರೂ ಕೇಳುವುದಿಲ್ಲ. ಇಂಥ ಬಾಳಿನಲ್ಲಿ, ಕಾಲು ಸುತ್ತು ತಿರುಗಿಸಿದರೆ ಕಾಲು ಸುತ್ತಿನಷ್ಟೇ ಫಲವನ್ನು ಪ್ರಾಮಾಣಿಕವಾಗಿ ಕೊಡುವ, ಕೊಟ್ಟುದನ್ನು ಫೀಲರ್ ಗೇಜಿನಿಂದ ಅಳೆದು ಖಾತ್ರಿಮಾಡಿಕೊಳ್ಳಬಹುದಾದ ವಸ್ತುವೊಂದು ದೊರೆತರೆ, ಅದನ್ನು ನುಡಿಸಿ ಹಾಳುಮಾಡಿಕೊಳ್ಳುವಷ್ಟು ಅವಿವೇಕಿ ಯಾವನು?

ಇದಕ್ಕಿಂತಲೂ ಗಹನವಾದ ಸಮಾಧಾನವೊಂದುಂಟು. ಒಂದು ಸ್ಥಾಯಿಯನ್ನು 12 ಸಮಪಾಲು ಮಾಡಿ ಮೆಟ್ಟಿಲು ಬಡಿದ ವಾದ್ಯದಲ್ಲಿ, ಸ್ಥಾಯಿಯೊಂದನ್ನುಳಿದು ಯಾವ ಸ್ವರವೂ ಪೂರ್ಣ ಶುದ್ಧವಾಗಿರಲಾರದು. ಗಾಂಧಾರವಂತೂ ಶುದ್ಧವಾದ ಅಂತರಗಾಂಧಾರಕ್ಕಿಂತ ಸುಮಾರು 14 ಸೆಂಟ್, ಎಂದರೆ ಒಂದು ಮೆಟ್ಟಿಲಿನ ಏಳನೆಯ ಒಂದು ಪಾಲು, ಮೇಲೆಯೇ ನಿಲ್ಲುತ್ತದೆ. ಯಾವ ತಿರುಪನ್ನು ಎಷ್ಟು ತಿರುಗಿಸಿದರೂ ಇದು ನಿವಾರಣೆಯಾಗತಕ್ಕದ್ದಲ್ಲ. ಅನ್ಯನಾಗಿದ್ದರೆ ಈ ಸತ್ಯವನ್ನು ಅರಿತು ವೈರಾಗ್ಯ ತಾಳುತ್ತಿದ್ದನು. ಶ್ರುತಿರಾಯರು ಹಿಗ್ಗಿದರು. ಮುಗಿಯಲಾರದ ಕೆಲಸವೆಂದು ಗಣಿತವೇ ಸಾಕ್ಷಿ ನುಡಿದ ಮೇಲೆ, ಅದನ್ನು ಮುಗಿಸಿಲ್ಲವೆಂದು ಆಕ್ಷೇಪಿಸಲು ಮನೆಯವರಿಗೆ ಆಸ್ಪದವೆಲ್ಲಿ?

ಹೀಗೆಂದು ಅವರನ್ನು ನಿರುಪಯೋಗಿಯೆಂದು ಬಗೆಯುವುದು ಅನ್ಯಾಯವಾದೀತು. ಮುನ್ನೇಕೊಳಾಲದ ಪಿ.ಜಿ.ಗಳ ಹುಡುಗರು, ಹಾವೇರಿಯಿಂದಲೋ ಬೀದರದಿಂದಲೋ ಕೆಲಸಕ್ಕೆ ಬಂದವರು, ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡ ಅಗ್ಗದ ಗಿಟಾರುಗಳನ್ನು ಹೆಗಲಿಗೇರಿಸಿಕೊಂಡು ಇವರ ಬಾಗಿಲಿಗೆ ಬರುತ್ತಾರೆ. ತಂತಿಯು ಮೆಟ್ಟಿಲಿನಿಂದ ಬಹಳ ಮೇಲೆ ನಿಂತು, ಒತ್ತಿ ಒತ್ತಿ ಬೆರಳು ಸೀಳಿ, ‘ಈ ವಿದ್ಯೆ ನಮ್ಮಂಥವರಿಗಲ್ಲ’ ಎಂದು ಕೈಚೆಲ್ಲಿದವರೇ ಅವರಲ್ಲಿ ಹೆಚ್ಚು. ಶ್ರುತಿರಾಯರು ಕೂಲಿಯೆಂದು ಬಿಡಿಗಾಸನ್ನೂ ಪಡೆಯದೆ ಅವನ್ನು ಮೇಜಿನ ಮೇಲೆ ಮಲಗಿಸಿ, ದಂಡಿಯನ್ನು ನೇರಮಾಡಿ, ಕುದುರೆಯನ್ನು ತಗ್ಗಿಸಿ, ತುಕ್ಕು ಹಿಡಿದ ತಂತಿಗಳನ್ನು ಬದಲಾಯಿಸಿ ಕೊಡುತ್ತಾರೆ. ಹುಡುಗನು ಅಲ್ಲಿಯೇ ನಿಂತು ಮೂರೇ ಕಾರ್ಡುಗಳಲ್ಲಿ ಒಂದು ಸಿನಿಮಾ ಹಾಡನ್ನು ನುಡಿಸಿ, ನೋವಿಲ್ಲದೆ ಬೆರಳು ಓಡಿದ ಬೆರಗಿಗೆ ನಗುತ್ತಾನೆ, ಮನೆಯವರೆಲ್ಲ ತಲೆದೂಗುತ್ತಾರೆ. ಶ್ರುತಿರಾಯರು ಮಾತ್ರ ಹುಬ್ಬು ಗಂಟಿಕ್ಕಿ, “ಮೂರನೇ ತಂತಿ ಎರಡು ಸೆಂಟ್ ಮೇಲಿದೆ, ಇಲ್ಲಿ ಕೊಡಪ್ಪಾ,” ಎಂದು ಕೈ ನೀಡುತ್ತಾರೆ.

ಮಾರತ್ತಹಳ್ಳಿಯ ತಾರಸಿಗಳ ಮೇಲೆ ಸಂಜೆ ಕೇಳಿಬರುವ ಗಿಟಾರುಗಳಲ್ಲಿ ಹಲವು ಇಂಥ ನುಡಿಸದವರ ಕೈಯಿಂದಲೇ ನುಡಿಯುವಂತಾದವು. ಆದಕಾರಣ ವಾಚಕರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ನಿಮ್ಮ ಮನೆಯ ಅಟ್ಟದ ಮೇಲೆ, ಮಗನೋ ಮಗಳೋ ಬಿಟ್ಟುಹೋದ ಗಿಟಾರೊಂದು ಧೂಳು ಹಿಡಿದು ಬಿದ್ದಿದ್ದರೆ, ಹತ್ತಿರದ ಶ್ರುತಿರಾಯರನ್ನು ಹುಡುಕಿ ಒಪ್ಪಿಸಿ, ಹೊಸ ತಂತಿಯ ಬೆಲೆಯ ಹೊರತು ಬೇರೆ ಖರ್ಚಿಲ್ಲ. ಆದರೆ ಹಿಂದಕ್ಕೆ ಪಡೆಯುವ ದಿನವನ್ನು ಮೊದಲೇ ಗೊತ್ತುಮಾಡಿಕೊಳ್ಳಿ, ಮತ್ತು ಆ ದಿನವು ಮಳೆಗಾಲಕ್ಕೆ ಮುಂಚೆಯೇ ಬೀಳುವಂತೆ ನೋಡಿಕೊಳ್ಳಿ.